ಏರಿಯೂ ದಾರಿಯೂ: ಸೇಲಂ-ಧರ್ಮಪುರಿ ಸೀಮೆಯ ನೆರೆಗಳ ಚರಿತ್ರೆ

ಕನ್ನಡ ಮತ್ತು ತಮಿಳು ಎರಡನ್ನೂ ಕೇಳುತ್ತ ಬೆಳೆದ ಮಕ್ಕಳಿಗೆ ಪಾಠ ಹೇಳುವ ಗಡಿನಾಡಿನ ಅಧ್ಯಾಪಕರಿಗೆ ಒಂದು ಶಬ್ದದ ವಿಚಾರವು ಆಗಾಗ್ಗೆ ಎದುರಾಗುತ್ತದೆ. 'ಏರಿ' ಎಂಬ ಮಾತು ಎರಡು ಭಾಷೆಗಳಿಗೂ ಸೇರಿದುದು. ತಮಿಳಿನಲ್ಲಿ ಏರಿ ಎಂದರೆ ಕೆರೆ. ಕನ್ನಡದಲ್ಲಿ ಏರಿ ಎಂದರೆ ಆ ಕೆರೆಯ ನೀರನ್ನು ತಡೆದು ನಿಲ್ಲಿಸಿರುವ ಮಣ್ಣಿನ ಕಟ್ಟೆ. ಸೇಲಂ ನಗರದ ನೆತ್ತಿಯ ಮೇಲಿರುವ ಏರ್ಕಾಡಿನ ಹೆಸರಿಗೆ 'ಕೆರೆಯ ಕಾಡು' ಎಂದು ಅರ್ಥ ಹೇಳುವುದು ವಾಡಿಕೆ. ಒಂದು ಭಾಷೆ ನೀರಿಗೆ ಕೊಟ್ಟ ಹೆಸರನ್ನು ಇನ್ನೊಂದು ಭಾಷೆ ಆ ನೀರನ್ನು ಕಾಯುವ ಮಣ್ಣಿಗೆ ಕೊಟ್ಟಿದೆ. ಎರಡನ್ನೂ ಕೂಡಿಸಿ ನೋಡಿದರೆ ನಮ್ಮ ಸೀಮೆಯ ಚರಿತ್ರೆಯ ಒಂದು ಮುಖ್ಯ ಸಂಗತಿ ಹೊಳೆಯುತ್ತದೆ.

ಆ ಸಂಗತಿ ಇದು. ಈ ಬಯಲುಸೀಮೆಯಲ್ಲಿ ಕೆರೆಯ ಏರಿಯು ಕೇವಲ ನೀರಿನ ಕಟ್ಟೆಯಲ್ಲ, ಅದೇ ಊರಿನ ದಾರಿಯೂ ಹೌದು. ಮಳೆಗಾಲದಲ್ಲಿ ಗದ್ದೆಬಯಲೆಲ್ಲ ಕೆಸರಾದಾಗ ಗಾಡಿ ಹೋಗುವಷ್ಟು ಗಟ್ಟಿಯಾಗಿ, ಎತ್ತರವಾಗಿ ಉಳಿಯುತ್ತಿದ್ದ ನೆಲವೆಂದರೆ ಏರಿಯ ಮೇಲಿನ ನೆಲವೇ. ಆದುದರಿಂದ ಹಳ್ಳಿಯಿಂದ ಹಳ್ಳಿಗೆ ಹೋಗುವ ಬಂಡಿಜಾಡುಗಳು ಅನೇಕ ಕಡೆ ಏರಿಯ ಮೇಲೆಯೇ ಬೆಳೆದು, ಮುಂದೆ ಅವುಗಳಲ್ಲಿ ಕೆಲವು ಜಲ್ಲಿಯ ರಸ್ತೆಗಳಾಗಿ, ಡಾಂಬರಿನ ರಸ್ತೆಗಳಾಗಿ ಮಾರ್ಪಟ್ಟುವು. ಏರಿ ಒಡೆದರೆ ಕೆರೆ ಬರಿದಾಗುವುದಷ್ಟೇ ಅಲ್ಲ, ಊರಿನ ಸಂಚಾರವೂ ಕಡಿದುಹೋಗುತ್ತದೆ. ಈ ಸಂಬಂಧವನ್ನು ಚರಿತ್ರೆಯ ಕೆಲವು ಸಂದರ್ಭಗಳ ಮೂಲಕ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಸೇಲಂ ಜಿಲ್ಲೆಯ ಆಡಳಿತದ ನೆನಪೆಲ್ಲ ಬರಗಾಲದ ನೆನಪು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಮತ್ತು ಸೇಲಂ ಸೀಮೆಗಳು ಟಿಪ್ಪು ಸುಲ್ತಾನನ ಕೈಯಿಂದ ಕಂಪೆನಿ ಸರಕಾರಕ್ಕೆ ಬಂದಾಗ, ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ಕಂದಾಯದ ಏರ್ಪಾಡನ್ನು ಮಾಡಿದರು. ಅಂದಿನಿಂದ ಕೆರೆಯನ್ನು ಕಂದಾಯದ ಮೂಲವೆಂದು ಎಣಿಸುವ ಪದ್ಧತಿ ಬೇರೂರಿತು. ೧೮೭೬-೭೮ರ ಮಹಾಕ್ಷಾಮವು ಈ ಭಾವನೆಯನ್ನು ಇನ್ನಷ್ಟು ದೃಢಪಡಿಸಿತು. ಮೊರಪ್ಪೂರಿನಿಂದ ಧರ್ಮಪುರಿಗೆ ೧೯೦೬ರಲ್ಲಿ ತೆರೆದು, ೧೯೧೩ರಲ್ಲಿ ಹೊಸೂರಿನವರೆಗೆ ಮುಂದುವರಿಸಿದ ಸಣ್ಣ ಹಳಿಯ ರೈಲುಮಾರ್ಗವೂ ಕ್ಷಾಮನಿವಾರಣೆಯ ಮಾರ್ಗವೆಂದೇ ಹುಟ್ಟಿದುದು. ೧೯೪೧ರಲ್ಲಿ, ಮಹಾಯುದ್ಧದ ಕಾಲದಲ್ಲಿ, ಅದನ್ನು ಮುಚ್ಚಲಾಯಿತು. ನೀರು ಸಾಲದೆಂಬ ಚಿಂತೆಯಿಂದಲೇ ಇಲ್ಲಿಯ ಕೆರೆ, ಕಾಲುವೆ, ರೈಲುಗಳೆಲ್ಲ ಯೋಚಿತವಾದುವು. ನೀರು ಮಿತಿಮೀರಿ ಬಂದಾಗ ಏನಾಗಬೇಕೆಂಬ ಪ್ರಶ್ನೆಗೆ ಎರಡನೆಯ ಸ್ಥಾನ ದೊರೆಯಿತು.

ಆದರೆ ಕೆರೆಯನ್ನು ಕಟ್ಟಿದ ಹಿರಿಯರು ಈ ಎರಡನೆಯ ಪ್ರಶ್ನೆಯನ್ನು ಮರೆತವರಲ್ಲ. ಪ್ರತಿ ಕೆರೆಗೂ ತೂಬಿನಂತೆಯೇ ಕೋಡಿಯೂ ಉಂಟು. ತೂಬು ಬೇಸಾಯಕ್ಕೆ ನೀರು ಬಿಡುವ ಬಾಯಿ. ಕೋಡಿ ಏರಿಯ ಪ್ರಾಣವನ್ನುಳಿಸುವ ಬಾಯಿ. ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹರಿಯತೊಡಗಿದರೆ ಅದರ ಹೊರಮೈ ಕೊರೆದು, ಸ್ವಲ್ಪ ಹೊತ್ತಿನಲ್ಲಿ ಇಡೀ ಏರಿಯೇ ಸೀಳಿಹೋಗುತ್ತದೆ. ಆದುದರಿಂದ ನೀರು ನೆತ್ತಿಯನ್ನು ಮುಟ್ಟುವ ಮೊದಲೇ ಕೋಡಿಯಿಂದ ಹೊರಬಿದ್ದು ಕೆಳಗಿನ ಕೆರೆಗೆ ಹೋಗಬೇಕು. ನಮ್ಮ ಕೆರೆಗಳು ಒಂಟಿಯಾಗಿ ಇರುವುವಲ್ಲ. ಒಂದು ಹಳ್ಳದುದ್ದಕ್ಕೂ ಸರಪಣಿಯಂತೆ ಒಂದರ ಕೆಳಗೊಂದು ಇರುವುವು. ಮೇಲಿನ ಕೆರೆಯ ಏರಿ ಒಡೆದರೆ, ಅದರ ಸಂಗ್ರಹವೆಲ್ಲವೂ ಒಮ್ಮೆಲೇ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಕೆಳಗಿನ ಕೋಡಿಯನ್ನು ಅಂಥ ನೀರಿಗಾಗಿ ಕಟ್ಟಿರುವುದಿಲ್ಲ. ಹೀಗೆ ಒಂದರ ಹಿಂದೊಂದು ಒಡೆಯುತ್ತ ಹೋಗುತ್ತವೆ.

ಇದನ್ನು ತಡೆಯಲು ಹಿಂದಿನವರು ಮಾಡಿದ್ದ ಏರ್ಪಾಡುಗಳು ಶಾಸನಗಳಲ್ಲಿ ಕಾಣುತ್ತವೆ. ಕೆರೆಯನ್ನು ಕಟ್ಟಿದವರಿಗೂ ಕಾಪಾಡಿದವರಿಗೂ ಕೊಡುತ್ತಿದ್ದ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದಗಳ ಉಲ್ಲೇಖವು ಕನ್ನಡ ಶಾಸನಗಳಲ್ಲಿ ಹೇರಳವಾಗಿದೆ. ನೀರುಗಂಟಿಯು ತೂಬನ್ನೂ ಕೋಡಿಯನ್ನೂ ನೋಡಿಕೊಳ್ಳುತ್ತಿದ್ದನು. ತಮಿಳುನಾಡಿನಲ್ಲಿ ಊರವರೆಲ್ಲರೂ ಕೂಡಿ ಕೆರೆಯ ಕೆಲಸ ಮಾಡುವ ಪದ್ಧತಿಗೆ ಕುಡಿಮರಾಮತ್ತು ಎಂದು ಹೆಸರು. ಈ ಪದ್ಧತಿ ಸಡಿಲವಾಗುತ್ತಿದ್ದುದನ್ನು ಕಂಡೇ ಮದ್ರಾಸ್ ಸೀಮೆಗಾಗಿ ೧೮೫೮ರಲ್ಲಿ ಒಂದು ಕಾಯಿದೆಯನ್ನು ಮಾಡಲಾಯಿತು. ಕೆರೆಯೇರಿಯೋ ಹೊಳೆಯ ದಂಡೆಯೋ ಒಡೆಯುವ ಅಪಾಯ ಒದಗಿದಾಗ ಊರವರನ್ನು ಕಡ್ಡಾಯವಾಗಿ ಕೆಲಸಕ್ಕೆ ಕರೆಯುವ ಅಧಿಕಾರವನ್ನು ಅದು ಕೊಟ್ಟಿತು. ಕಾಯಿದೆಯಿಂದ ಕೈಗಳನ್ನು ಕರೆಯಬಹುದು. ಆದರೆ ದಿನದಿನವೂ ಕೆರೆಯನ್ನು ನೋಡುವ ಕಣ್ಣನ್ನು ಕಾಯಿದೆ ಕೊಡಲಾರದು.

ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಇಂದಿನ ಆಂಧ್ರದ ಪೋರುಮಾಮಿಳ್ಳದಲ್ಲಿ ೧೩೬೯ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇನ್ನೊಂದು ದೋಷ. ಗಡಿನಾಡಿನ ಅಧ್ಯಾಪಕರಾದ ನಾವು ಈ ಎರಡನೆಯ ಮಾತನ್ನು ಎರಡು ಸಲ ಓದಬೇಕು. ಗಡಿಯ ಕೆರೆಗೆ ಯಜಮಾನರು ಇಬ್ಬರಾಗುತ್ತಾರೆ, ಇಲ್ಲವೇ ಯಾರೂ ಇಲ್ಲವಾಗುತ್ತಾರೆ. ಅದರ ಫಲವು ಐದು ಶತಮಾನಗಳ ಅನಂತರ ನಮ್ಮ ಜಿಲ್ಲೆಯಲ್ಲಿಯೇ ಕಂಡುಬಂದಿತು.

ಪಾಲಾರು ಮೈಸೂರು ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆಯ ಬೇತಮಂಗಲದ ದೊಡ್ಡ ಕೆರೆಯನ್ನು ತುಂಬಿ, ಕೆಳಗೆ ವಾಣಿಯಂಬಾಡಿಯತ್ತ ಹರಿಯುತ್ತದೆ. ಬೇತಮಂಗಲವು ಶಾಸನಗಳ ವಿಜಯಾದಿತ್ಯಮಂಗಲ. ಧರ್ಮಪುರಿಯನ್ನೂ ಆಳಿದ ನೊಳಂಬರ ಕಾಲದಲ್ಲಿ, ಹತ್ತನೆಯ ಶತಮಾನದಲ್ಲಿ, ಅದರ ಒಡೆದ ಏರಿಯನ್ನು ಮತ್ತೆ ಕಟ್ಟಿಸಿದ ಸಂಗತಿಯು ಶಾಸನದಿಂದ ತಿಳಿದುಬರುತ್ತದೆ. ೧೯೦೩ರ ನವೆಂಬರಿನ ಮಹಾವೃಷ್ಟಿಯಲ್ಲಿ ಬೇತಮಂಗಲವೂ ಸೇರಿ ಮೇಲಿನ ಕೆರೆಗಳು ಒಡೆದುವು. ನವೆಂಬರ್ ೧೨ರಂದು ಆ ನೀರು ವಾಣಿಯಂಬಾಡಿಯನ್ನು ಹೊಕ್ಕು ಸುಮಾರು ಇನ್ನೂರು ಜನರ ಪ್ರಾಣವನ್ನು ಕೊಂಡೊಯ್ದಿತು. ವಾಣಿಯಂಬಾಡಿ ಆಗ ಸೇಲಂ ಜಿಲ್ಲೆಯ ತಿರುಪ್ಪತ್ತೂರು ತಾಲ್ಲೂಕಿಗೆ ಸೇರಿತ್ತು. ೧೯೧೧ರಲ್ಲಿ ತಾಲ್ಲೂಕು ಉತ್ತರ ಆರ್ಕಾಡಿಗೆ ಹೋಯಿತು. ೨೦೧೯ರಿಂದ ಅದು ತಿರುಪ್ಪತ್ತೂರು ಜಿಲ್ಲೆಯಲ್ಲಿದೆ.

ಈ ಸಂದರ್ಭದಲ್ಲಿ ಗಮನಿಸಬೇಕಾದುದು ಎರಡು. ಮೊದಲನೆಯದಾಗಿ, ಒಡೆದುದು ಒಂದು ಸರಕಾರದ ಕೆರೆ, ಮುಳುಗಿದುದು ಇನ್ನೊಂದು ಸರಕಾರದ ಊರು. ಮೇಲಿನ ಏರಿಯ ಕ್ಷೇಮವನ್ನು ಕೆಳಗಿನ ಊರವರು ವಿಚಾರಿಸುವ ದಾರಿಯೇ ಇರಲಿಲ್ಲ. ಎರಡನೆಯದಾಗಿ, ಮದ್ರಾಸಿನಿಂದ ಪಶ್ಚಿಮಕ್ಕೆ ಹೋಗುವ ರೈಲುಮಾರ್ಗವೂ ಹೆದ್ದಾರಿಯೂ ಇದೇ ಪಾಲಾರಿನ ಕಣಿವೆಯನ್ನು ಹಿಡಿದು ಸಾಗುತ್ತವೆ. ಘಟ್ಟವನ್ನು ಏರಲು ಸುಲಭವಾದ ದಾರಿಯನ್ನು ನದಿಯೇ ತೋರಿಸಿಕೊಟ್ಟಿತು. ಅದರ ನೆರೆಯ ಭಯವೂ ಆ ದಾರಿಯ ಜತೆಗೇ ಬಂದಿತು.

ಕಾವೇರಿಯ ಕಥೆಯು ಇದಕ್ಕಿಂತ ಭಿನ್ನ. ೧೯೨೪ರ ಜುಲೈ ತಿಂಗಳಿನಲ್ಲಿ ಬಂದ ಮಹಾಪ್ರವಾಹವು ಆ ನದಿಯ ತೀರದವರ ನೆನಪಿನಲ್ಲಿ ಬಹುಕಾಲ ಉಳಿಯಿತು. ಮೆಟ್ಟೂರಿನ ಬಳಿ ಆಗ ಹರಿದ ನೀರು ಸುಮಾರು ನಾಲ್ಕೂವರೆ ಲಕ್ಷ ಕ್ಯೂಸೆಕ್ಸ್. ಮೆಟ್ಟೂರು ಅಣೆಕಟ್ಟಿನ ಕೆಲಸವು ಮರುವರ್ಷ, ಅಂದರೆ ೧೯೨೫ರಲ್ಲಿ, ಆರಂಭವಾದುದು ಒಂದು ರೀತಿಯಲ್ಲಿ ಸುಯೋಗವೇ ಸರಿ. ಕಟ್ಟುವವರ ಕಣ್ಣಮುಂದೆ ಆ ನೆರೆಯ ಅಳತೆ ಇತ್ತು. ೧೯೩೪ರ ಆಗಸ್ಟ್ ೨೧ರಂದು ತೆರೆದ ಈ ಜಲಾಶಯಕ್ಕೆ ಆಗಿನ ಗವರ್ನರ್ ಸ್ಟ್ಯಾನ್ಲಿಯ ಹೆಸರನ್ನಿಟ್ಟರು. ನೀರಿನ ಪೂರ್ಣಮಟ್ಟ ೧೨೦ ಅಡಿ, ಸಂಗ್ರಹ ೯೩.೪೭ ಟಿ.ಎಂ.ಸಿ. ಹೆಚ್ಚಿನ ನೀರನ್ನು ಹೊರಕ್ಕೆ ಬಿಡಲು ಮುಖ್ಯ ಕಟ್ಟೆಯಿಂದ ದೂರದಲ್ಲಿ ಹದಿನಾರು ಕಂಡಿಗಳ ಪ್ರತ್ಯೇಕ ಕೋಡಿಯನ್ನು ಕಟ್ಟಿ, ಅದಕ್ಕೆ ಎಂಜಿನಿಯರ್ ಎಲ್ಲಿಸ್‌ನ ಹೆಸರನ್ನಿಟ್ಟರು. ಹಳ್ಳಿಯ ಕೆರೆಯ ಕೋಡಿಯೂ ಮೆಟ್ಟೂರಿನ ಹದಿನಾರು ಕಂಡಿಯೂ ತತ್ತ್ವದಲ್ಲಿ ಒಂದೇ: ಕಟ್ಟೆಯನ್ನುಳಿಸುವುದಕ್ಕಾಗಿ ನೀರಿಗೆ ಬೇರೊಂದು ದಾರಿ ಕೊಡುವುದು.

ಹೀಗಿದ್ದರೂ ಕೆಳಗಿನ ಕಟ್ಟಡಗಳು ಮೇಲಿನ ಅಣೆಯಷ್ಟೇ ಗಟ್ಟಿಯಾಗಿರಬೇಕಷ್ಟೆ. ೨೦೧೮ರ ಆಗಸ್ಟ್ ತಿಂಗಳಿನಲ್ಲಿ ಮೆಟ್ಟೂರಿನಿಂದ ಎರಡು ಲಕ್ಷ ಕ್ಯೂಸೆಕ್ಸಿನಷ್ಟು ನೀರನ್ನು ಬಿಡಬೇಕಾಯಿತು. ೧೯೨೪ರ ನೆರೆಯ ಅರ್ಧವೂ ಅಲ್ಲ. ಅಷ್ಟಕ್ಕೇ ತಿರುಚಿರಾಪಳ್ಳಿಯ ಬಳಿ ಕೊಳ್ಳಿಡದ ಮೇಲೆ ೧೯೨೮ರಲ್ಲಿ ಕಟ್ಟಿದ್ದ, ಸಂಚಾರವನ್ನು ಅದಾಗಲೇ ನಿಲ್ಲಿಸಿದ್ದ, ಹಳೆಯ ಕಬ್ಬಿಣದ ಸೇತುವೆಯ ಕಂಬಗಳು ಕುಸಿದುವು. ಆಗಸ್ಟ್ ೨೨ರ ರಾತ್ರಿ ಮುಕ್ಕೊಂಬಿನ ಮೇಲಣೆಯಲ್ಲಿ ಒಂಬತ್ತು ಬಾಗಿಲುಗಳು ಕೊಚ್ಚಿಹೋದುವು. ೧೮೩೦ರ ದಶಕದಲ್ಲಿ ಆರ್ಥರ್ ಕಾಟನ್ ಯೋಜಿಸಿದ ಅಣೆ ಅದು. ಬಾಗಿಲುಗಳೊಡನೆ ಅವುಗಳ ಮೇಲಿದ್ದ ಸೇತುವೆಯ ಭಾಗವೂ ಬಿದ್ದಿತು. ನೀರನ್ನು ತಡೆಯುವ ಕಟ್ಟಡವೂ ಜನರನ್ನು ದಾಟಿಸುವ ಕಟ್ಟಡವೂ ಒಂದೇ ಆಗಿದ್ದರೆ, ಒಂದರ ಸೋಲು ಎರಡರ ಸೋಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ರೈಲುಮಾರ್ಗದ ವಿಷಯದಲ್ಲಿ ೧೯೫೬ನೆಯ ವರ್ಷವನ್ನು ಯಾರೂ ಮರೆಯಬಾರದು. ಆ ವರ್ಷದ ನವೆಂಬರ್ ೨೩ರ ನಸುಕಿನಲ್ಲಿ ಮದ್ರಾಸಿನಿಂದ ತೂತ್ತುಕುಡಿಗೆ ಹೋಗುತ್ತಿದ್ದ ಎಕ್ಸ್‌ಪ್ರೆಸ್ ಗಾಡಿಯು ಅರಿಯಲೂರಿನ ಬಳಿ ಮರುದೈಯಾರಿಗೆ ಉರುಳಿ ನೂರನಲವತ್ತಕ್ಕೂ ಹೆಚ್ಚು ಜನ ಮಡಿದರು. ಮಳೆಯ ನೆರೆಯು ಸೇತುವೆಯನ್ನು ಹಾಳುಗೆಡವಿತ್ತು. ಕೆಲವೇ ತಿಂಗಳ ಹಿಂದೆ ಮೆಹಬೂಬ್‌ನಗರದ ಬಳಿಯೂ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ರೈಲ್ವೆ ಸಚಿವರಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಗಳು ಹೊಣೆಯನ್ನು ತಾವೇ ಹೊತ್ತು ರಾಜೀನಾಮೆ ಕೊಟ್ಟರು. ಶಾಲೆಗಳಲ್ಲಿ ನಾವು ಈ ಪ್ರಸಂಗವನ್ನು ಶಾಸ್ತ್ರಿಗಳ ಸದ್ಗುಣಕ್ಕೆ ನಿದರ್ಶನವಾಗಿ ಹೇಳುವುದುಂಟು, ಅದು ಯುಕ್ತವೇ. ಅದರೊಡನೆ, ದೊಡ್ಡ ನದಿಗಳಿಗಿಂತ ಹೆಸರಿಲ್ಲದ ಹಳ್ಳಗಳೇ ಗಾಡಿಗೆ ಹೆಚ್ಚು ಅಪಾಯಕಾರಿಯೆಂಬ ಪಾಠವನ್ನೂ ಹೇಳಬೇಕು. ದೊಡ್ಡ ನದಿಯ ಅಳತೆಯನ್ನು ದಿನವೂ ತೆಗೆಯುತ್ತಾರೆ. ಹಳ್ಳವನ್ನು ಅಳೆಯುವವರು ವಿರಳ.

ಇನ್ನು ನಮ್ಮ ದಿನಗಳಿಗೆ ಬರೋಣ. ಧರ್ಮಪುರಿ ೧೯೬೫ರಲ್ಲಿ ಸೇಲಂನಿಂದ ಬೇರೆಯಾಯಿತು. ೨೦೦೪ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿಗೆ, ತಮಿಳರ ತೆನ್‌ಪೆಣ್ಣೆಗೆ, ಕೃಷ್ಣಗಿರಿಯ ಬಳಿ ೧೯೫೦ರ ದಶಕದಲ್ಲಿ ಅಣೆಯನ್ನು ಕಟ್ಟಲಾಯಿತು. ನೀರಿನ ಪೂರ್ಣಮಟ್ಟ ೫೨ ಅಡಿ. ೨೦೧೭ರ ನವೆಂಬರ್ ೨೯ರಂದು ಅದರ ಎಂಟು ಬಾಗಿಲುಗಳಲ್ಲಿ ಮೊದಲನೆಯದು ಮುರಿಯಿತು. ಆ ದಿನ ದೊಡ್ಡ ನೆರೆಯೇನೂ ಇರಲಿಲ್ಲ. ಹಳೆಯದಾದ ಕಬ್ಬಿಣವು ನೀರಿನ ಭಾರವನ್ನು ತಡೆಯಲಾರದೆ ಹೋಯಿತು. ೨೦೨೪ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಯ ಹತ್ತೊಂಬತ್ತನೆಯ ಬಾಗಿಲು ಸರಪಣಿ ಕಡಿದು ಹೋದುದೂ ಇದೇ ಜಾತಿಯ ಸಂಗತಿ. ಕೃಷ್ಣಗಿರಿ ಅಣೆಯಿಂದ ನೀರು ಬಿಟ್ಟಾಗಲೆಲ್ಲ ಅದರ ಮುಂದಿನ ತಗ್ಗುಸೇತುವೆ ಮುಳುಗಿ ಆ ದಾರಿ ಮುಚ್ಚುತ್ತದೆ. ಬಾಗಿಲು ತಾನಾಗಿ ಮುರಿದರೆ ಆ ಸೇತುವೆಯನ್ನು ದಾಟುವವರಿಗೆ ಮುನ್ನೆಚ್ಚರಿಕೆ ಎಲ್ಲಿಂದ ಬರಬೇಕು?

೨೦೨೪ರ ನವೆಂಬರ್ ೩೦ರ ರಾತ್ರಿ ಪುದುಚೇರಿಯ ಬಳಿ ದಡವನ್ನೇರಿದ ಫೆಂಗಲ್ ಚಂಡಮಾರುತವು ನಮ್ಮ ಒಳನಾಡಿನ ಮೇಲೆ ಸುರಿದ ಮಳೆಯು ಹಿಂದಿನ ಅಂದಾಜುಗಳನ್ನೆಲ್ಲ ಮೀರಿತು. ಡಿಸೆಂಬರ್ ೨ರ ಬೆಳಗಿಗೆ ಮುಗಿದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಊತಂಗರೆಯಲ್ಲಿ ೫೦೩ ಮಿಲಿಮೀಟರು, ಹರೂರಿನಲ್ಲಿ ೩೩೧ ಮಿಲಿಮೀಟರು ಮಳೆಯಾಯಿತು. ಊತಂಗರೆಯಲ್ಲಿ ಬಿದ್ದುದು ಒಂದು ವರ್ಷದಲ್ಲಿ ಬೀಳುವ ಮಳೆಯ ಅರ್ಧಕ್ಕೂ ಹೆಚ್ಚು. ಇದರ ಅರ್ಥವನ್ನು ಮಕ್ಕಳಿಗೆ ಲೆಕ್ಕದ ಮೂಲಕ ತಿಳಿಸಬಹುದು. ಒಂದು ಚದರ ಕಿಲೋಮೀಟರು ನೆಲದ ಮೇಲೆ ಅರ್ಧ ಮೀಟರು ಮಳೆ ಬಿದ್ದರೆ ಐದು ಲಕ್ಷ ಘನ ಮೀಟರು, ಅಂದರೆ ಐವತ್ತು ಕೋಟಿ ಲೀಟರು ನೀರು. ಅದೆಲ್ಲವೂ ಒಂದು ದಿನದಲ್ಲಿ ಸಮನಾಗಿ ಹರಿದುಹೋಗಬೇಕಾದರೆ ಸುಮಾರು ಇನ್ನೂರು ಕ್ಯೂಸೆಕ್ಸಿನ ದಾರಿ ಬೇಕು. ಹತ್ತು ಚದರ ಕಿಲೋಮೀಟರಿನ ಒಂದು ಸಣ್ಣ ಹಳ್ಳಕ್ಕೆ ಎರಡು ಸಾವಿರ ಕ್ಯೂಸೆಕ್ಸ್! ಊರಿನೊಳಗೆ ರಸ್ತೆಯ ಕೆಳಗಿರುವ ಒಂದೆರಡು ಕೊಳವೆಯ ಮೋರಿಗಳು ಇದನ್ನು ಹೇಗೆ ತಾಳಿಯಾವು?

ತಾಳಲಿಲ್ಲ. ಊತಂಗರೆಯಲ್ಲಿ ಕೆರೆಯಿಂದ ಹೊರಬಿದ್ದ ನೀರು ಬಸ್ ನಿಲ್ದಾಣದ ಬಳಿಯ ರಸ್ತೆಯನ್ನೇ ತನ್ನ ಕಾಲುವೆಯನ್ನಾಗಿ ಮಾಡಿಕೊಂಡು, ಅಲ್ಲಿ ನಿಲ್ಲಿಸಿದ್ದ ವ್ಯಾನು, ಕಾರುಗಳನ್ನು ಕೊಚ್ಚಿಕೊಂಡು ಹೋಯಿತು. ಕೆಳಗೆ ಸಾತ್ತನೂರು ಅಣೆಯಿಂದ ೧,೬೮,೦೦೦ ಕ್ಯೂಸೆಕ್ಸ್ ನೀರನ್ನು ನಡುರಾತ್ರಿಯ ಅನಂತರ ಬಿಡಬೇಕಾಯಿತು. ತಿರುವಣ್ಣಾಮಲೆ ಜಿಲ್ಲೆಯ ಅಗರಂಪಳ್ಳಿಪಟ್ಟಿನಲ್ಲಿ ಕೆಲವೇ ತಿಂಗಳ ಹಿಂದೆ ತೆರೆದಿದ್ದ ಹೊಸ ಸೇತುವೆ ನದಿಯ ಪಾಲಾಯಿತು. ಏರ್ಕಾಡಿನ ಘಾಟುರಸ್ತೆಯಲ್ಲಿ ಮಣ್ಣು ಕುಸಿದು ಬಸ್ಸು ನಿಂತಿತು.

ಈಗ ಸೇಲಂ ನಗರವನ್ನು ನೋಡೋಣ. ಬೆಂಗಳೂರು, ಚೆನ್ನೈ, ಕೊಯಮತ್ತೂರು, ತಿರುಚಿರಾಪಳ್ಳಿಗಳ ರಸ್ತೆಗಳು ಕೂಡುವ ಸ್ಥಳ ಅದು. ೧೮೬೧ರಲ್ಲಿ ಮದ್ರಾಸ್ ರೈಲ್ವೆಯು ಅಲ್ಲಿಗೆ ಬಂದಾಗ ನಿಲ್ದಾಣವನ್ನು ಪೇಟೆಯಿಂದ ದೂರದಲ್ಲಿ, ಸೂರಮಂಗಲದಲ್ಲಿ, ಕಟ್ಟಿದರು. ೨೦೦೭ರಿಂದ ಅದು ದಕ್ಷಿಣ ರೈಲ್ವೆಯ ಒಂದು ವಿಭಾಗದ ಮುಖ್ಯಸ್ಥಾನ. ಹೀಗೆ ಸೇಲಂನಲ್ಲಿ ದಾರಿ ನಿಂತರೆ ನಾಲ್ಕು ದಿಕ್ಕಿಗೂ ನಿಲ್ಲುತ್ತದೆ. ಉತ್ತರಕ್ಕೆ ಹೋಗುವ ರಸ್ತೆಯೂ ರೈಲೂ ತೊಪ್ಪೂರಿನ ಕಣಿವೆಯನ್ನು ಹಾಯಬೇಕು. ೨೦೨೧ರ ನವೆಂಬರ್ ೧೨ರ ನಸುಕಿನಲ್ಲಿ, ಮಳೆಗೆ ಸಡಿಲಗೊಂಡ ಬಂಡೆಗಳು ತೊಪ್ಪೂರು ಮತ್ತು ಶಿವಾಡಿಗಳ ನಡುವೆ ಕಣ್ಣೂರು-ಯಶವಂತಪುರ ಎಕ್ಸ್‌ಪ್ರೆಸ್ಸಿನ ಮೇಲೆ ಬಿದ್ದು ಗಾಡಿ ಹಳಿ ತಪ್ಪಿತು. ದೈವಾನುಗ್ರಹದಿಂದ ಪ್ರಾಣಹಾನಿಯಾಗಲಿಲ್ಲ. ಪಶ್ಚಿಮದ ರಸ್ತೆಯೂ ರೈಲೂ ಕಾವೇರಿಯನ್ನು ದಾಟಬೇಕು. ಪೂರ್ವದ ರಸ್ತೆಯು ಆತ್ತೂರಿನ ಕಡೆ ವಸಿಷ್ಠ ನದಿಯ ಕಣಿವೆಯಲ್ಲಿ ಸಾಗುತ್ತದೆ. ನಗರದ ನಡುವೆ ಶೇರ್ವರಾಯ ಬೆಟ್ಟದ ನೀರನ್ನು ಹೊತ್ತು ತಿರುಮಣಿಮುತ್ತಾರು ಹರಿಯುತ್ತದೆ.

ಬೆಟ್ಟದಲ್ಲಿ ಮಳೆ ಸುರಿದರೆ ಅದು ಪೇಟೆಗೆ ಇಳಿದು ಬರಲು ಹೆಚ್ಚು ಹೊತ್ತು ಬೇಡ. ಆ ವೇಗವನ್ನು ಮುರಿದು, ನೀರನ್ನು ಹಿಡಿದು ನಿಧಾನವಾಗಿ ಬಿಡುತ್ತಿದ್ದುವು ಬೆಟ್ಟದ ತಪ್ಪಲಿನ ಮತ್ತು ನಗರದ ಸುತ್ತಲಿನ ಕೆರೆಗಳು. ಗದ್ದೆಗಳು ಬಡಾವಣೆಗಳಾದಂತೆ ಕೆರೆಯ ನೀರನ್ನು ಕೇಳುವ ರೈತನು ಇಲ್ಲವಾದನು. ಕೊಳವೆಬಾವಿ ಬಂದಮೇಲೆ ಹಳ್ಳಿಯಲ್ಲಿಯೂ ಅದೇ ಆಯಿತು. ಬೇಸಾಯಕ್ಕೆ ಬೇಡವಾದ ಕೆರೆಯನ್ನು ಎಲ್ಲರೂ ಸತ್ತ ಕೆರೆಯೆಂದು ಬಗೆದರು. ಕೋಡಿಯಲ್ಲಿ ಜಾಲಿ ಬೆಳೆಯಿತು, ಕೋಡಿಹಳ್ಳದಲ್ಲಿ ಮನೆ ಎದ್ದಿತು, ಏರಿಯಲ್ಲಿ ಇಲಿ, ಹೆಗ್ಗಣಗಳು ಬಿಲ ತೋಡಿದುವು.

ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಬಳಕೆ ತಪ್ಪಿದರೂ ಕೆರೆ ನೀರನ್ನು ಹಿಡಿಯುವುದನ್ನು ಬಿಡುವುದಿಲ್ಲ. ಹತ್ತು ವರ್ಷ ಒಣಗಿದ್ದರೂ ಹನ್ನೊಂದನೆಯ ವರ್ಷದ ಮಳೆಗೆ ಅದು ತುಂಬುತ್ತದೆ. ಆಗ ಕೋಡಿ ಮುಚ್ಚಿದ್ದರೆ ಏರಿ ಒಡೆಯಲೇಬೇಕು. ಕೆರೆಯೇ ಇಲ್ಲದಿದ್ದರೆ ನೀರು ಬಂದಂತೆ ಹರಿದುಹೋಗುತ್ತಿತ್ತು. ಕಾವಲಿಲ್ಲದ ಕೆರೆಯಾದರೋ ನೀರನ್ನು ಕೂಡಿಟ್ಟು ಒಮ್ಮೆಲೇ ರಸ್ತೆಯ ಮೇಲೆ ಎಸೆಯುತ್ತದೆ. ಆದುದರಿಂದ ನಿರ್ಲಕ್ಷಿತ ಕೆರೆಯು ಒಡೆದ ಕೆರೆಗಿಂತಲೂ ಹೆಚ್ಚು ಅಪಾಯಕಾರಿ.

ಸೇತುವೆಗಳನ್ನು ಅಗಲ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸೇತುವೆ ಅಗಲವಾಗಬೇಕು, ಸಂದೇಹವಿಲ್ಲ. ಆದರೆ ಎಂಜಿನಿಯರನು ಮಳೆಯ ನೀರಿಗೆ ಸೇತುವೆಯನ್ನು ಕಟ್ಟುತ್ತಾನೆಯೇ ಹೊರತು, ಮೇಲಿನ ಮೂರು ಕೆರೆಗಳು ಒಟ್ಟಿಗೆ ಒಡೆದು ಬರುವ ನೀರಿಗಲ್ಲ. ಅಲ್ಲದೆ ಎತ್ತರಿಸಿದ ರಸ್ತೆಯೂ ರೈಲಿನ ದಂಡೆಯೂ, ಕೆಳಗೆ ಸಾಕಷ್ಟು ಕಂಡಿಗಳಿಲ್ಲದಿದ್ದರೆ, ತಾವೇ ಹೊಸ ಏರಿಗಳಾಗುತ್ತವೆ. ಕೋಡಿಯಿಲ್ಲದ ಏರಿಗಳು! ನೀರು ಹಿಂದಕ್ಕೆ ನಿಂತು ಊರನ್ನು ಮುಳುಗಿಸುತ್ತದೆ. ಕೊನೆಗೆ ದಂಡೆಯನ್ನೂ ಕೊರೆಯುತ್ತದೆ.

ತಮಿಳುನಾಡಿನಲ್ಲಿ ನಲವತ್ತು ಹೆಕ್ಟೇರಿಗಿಂತ ಹೆಚ್ಚಿನ ಅಚ್ಚುಕಟ್ಟಿನ ಕೆರೆಗಳು ಸರಕಾರದ ಜಲ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯಿತಿ ಒಕ್ಕೂಟಗಳಿಗೆ ಸೇರುತ್ತವೆ. ರಸ್ತೆ ಹೆದ್ದಾರಿ ಇಲಾಖೆಯದು, ಬೀದಿ ನಗರಸಭೆಯದು, ಹಳಿ ರೈಲ್ವೆಯದು. ಒಂದೇ ಹಳ್ಳವು ಬೆಟ್ಟದಿಂದ ನದಿಗೆ ಇಳಿಯುವಷ್ಟರಲ್ಲಿ ಐದು ಯಜಮಾನರನ್ನು ಕಾಣುತ್ತದೆ. ಪೋರುಮಾಮಿಳ್ಳದ ಶಾಸನ ಹೇಳಿದ ಗಡಿಯ ದೋಷವು ಇಂದು ರಾಜ್ಯರಾಜ್ಯಗಳ ನಡುವೆ ಮಾತ್ರವಲ್ಲ, ಇಲಾಖೆ ಇಲಾಖೆಗಳ ನಡುವೆಯೂ ಬಂದಿದೆ. ಸಮುದ್ರಮಟ್ಟಕ್ಕಿಂತ ತಗ್ಗಾದ ಹಾಲೆಂಡಿನಲ್ಲಿ ದಂಡೆಗಳ ಮೇಲೆಯೇ ರಸ್ತೆಗಳಿವೆ. ಅಲ್ಲಿ ೧೯೫೩ರ ಫೆಬ್ರವರಿ ೧ರಂದು ದಂಡೆಗಳು ಒಡೆದು ೧,೮೩೬ ಜನ ಸತ್ತರು. ಆದರೆ ಆ ದೇಶದಲ್ಲಿ ಏಳೆಂಟು ಶತಮಾನಗಳಿಂದ ನೀರಿನ ಕಾವಲಿಗೇ ಮೀಸಲಾದ, ಜನರೇ ಆರಿಸಿದ ಮಂಡಲಿಗಳಿವೆ. ದಂಡೆ ಯಾರದೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ನಮ್ಮ ನೀರುಗಂಟಿಯ ಕೆಲಸವೂ ಅಂಥದೇ ಆಗಿತ್ತು. ಅವನು ಹೋದ ಸ್ಥಾನದಲ್ಲಿ ಯಾರನ್ನೂ ನಿಲ್ಲಿಸಲಿಲ್ಲ.

ಅಧ್ಯಾಪಕ ಬಂಧುಗಳಿಗೆ ಈ ವಿಷಯವು ದೂರದ್ದಲ್ಲ. ನಮ್ಮ ಮಕ್ಕಳಲ್ಲಿ ಅನೇಕರು ಒಂದು ಹಳ್ಳವನ್ನೋ ಏರಿಯನ್ನೋ ದಾಟಿ ಶಾಲೆಗೆ ಬರುವವರು. ಬೇತಮಂಗಲದ ಏರಿ ಒಡೆದುದೂ ಊತಂಗರೆಯ ಬೀದಿ ಹೊಳೆಯಾದುದೂ ಅರ್ಧವಾರ್ಷಿಕ ಪರೀಕ್ಷೆಗೆ ಮುಂಚಿನ ಈ ಹಿಂಗಾರಿನ ದಿನಗಳಲ್ಲಿಯೇ. ಪ್ರತಿಯೊಂದು ಪ್ರೌಢಶಾಲೆಯೂ ತನ್ನ ಸುತ್ತಲಿನ ಕೆರೆಗಳ ಒಂದು ನಕ್ಷೆಯನ್ನು ಮಕ್ಕಳಿಂದ ಬರೆಯಿಸಬಹುದು. ಯಾವ ಕೆರೆಯ ಕೋಡಿ ಎಲ್ಲಿತ್ತು, ಅದರ ನೀರು ಯಾವ ದಾರಿಯನ್ನು ದಾಟುತ್ತದೆ, ಆ ದಾರಿಯ ಕೆಳಗೆ ಎಷ್ಟು ಕಂಡಿಗಳಿವೆ, ಹಿಂದೆ ಯಾವ ವರ್ಷ ಅಲ್ಲಿ ನೀರು ಹತ್ತಿತ್ತು ಎಂಬುದನ್ನು ಊರಿನ ಹಿರಿಯರಿಂದ ಕೇಳಿ ಬರೆಯಬಹುದು. ಕೋಡಿಯ ಜಾಗವನ್ನು ತೋರಿಸಬಲ್ಲ ವೃದ್ಧರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಅವರಲ್ಲಿ ಕೆಲವರು ಕನ್ನಡದಲ್ಲಿ, ಕೆಲವರು ತಮಿಳಿನಲ್ಲಿ ಹೇಳುವರು. ಎರಡನ್ನೂ ಬ‌ಲ್ಲವರು ನಾವು. ನಕ್ಷೆಯ ಒಂದು ಪ್ರತಿಯನ್ನು ಪಂಚಾಯಿತಿಗೂ ಇನ್ನೊಂದನ್ನು ತಾಲ್ಲೂಕು ಕಚೇರಿಗೂ ಕೊಟ್ಟು, ಮೂರನೆಯದನ್ನು ಶಾಲೆಯ ಗೋಡೆಯ ಮೇಲೆ ತೂಗುಹಾಕಿದರೆ, ಮುಂದಿನ ಮಳೆಗಾಲದಲ್ಲಿ ಯಾವ ದಾರಿಯಿಂದ ಮಕ್ಕಳನ್ನು ಮನೆಗೆ ಕಳುಹಿಸಬಾರದೆಂಬುದಾದರೂ ನಮಗೆ ಮೊದಲೇ ತಿಳಿದಿರುತ್ತದೆ.